ಟ್ಯಾಬ್‌ನಲ್ಲಿ ತಾಳವೂ ಇರಲಿ

ಗಿಟಾರ್ ಕಲಿಯಲು ಹೊರಟ ನಮ್ಮಂಥ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಓದುವುದು ಟ್ಯಾಬ್. ಆರು ಗೆರೆ ಎಂದರೆ ಆರು ತಂತಿ. ಗೆರೆಯ ಮೇಲಿನ ಅಂಕಿ ಎಂದರೆ ಬೆರಳಿಡಬೇಕಾದ ಫ್ರೆಟ್. ಹತ್ತು ನಿಮಿಷದಲ್ಲಿ ಅರ್ಥವಾಗಿಬಿಡುತ್ತದೆ. ಆದರೆ ನಾವು ಮೊಬೈಲ್‌ನಲ್ಲಿ ಹಂಚಿಕೊಳ್ಳುವ ಬಹುಪಾಲು ಟ್ಯಾಬ್‌ಗಳಲ್ಲಿ ಮುಖ್ಯ ಸಂಗತಿಯೇ ಇರುವುದಿಲ್ಲ: ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕು? ಕೇಳಿದ ಹಾಡಾದರೆ ಕಿವಿ ದಾರಿ ತೋರಿಸುತ್ತದೆ. ಕೇಳದ ಹಾಡಾದರೆ ಅದು ಬರೀ ಅಂಕಿಗಳ ಸಾಲು.

ಇದು ಟ್ಯಾಬ್ ಪದ್ಧತಿಯದೇ ದೋಷ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1507ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲ್ಯೂಟ್ ವಾದ್ಯದ ಟ್ಯಾಬ್ ಪುಸ್ತಕದಲ್ಲೇ ಗೆರೆಗಳ ಮೇಲೆ ಕಾಲದ ಗುರುತುಗಳಿದ್ದವು. ಕೀಬೋರ್ಡ್‌ನಲ್ಲಿ ಟೈಪ್ ಮಾಡುವ ಅವಸರದಲ್ಲಿ ನಾವು ಅವನ್ನು ಕೈಬಿಟ್ಟಿದ್ದೇವೆ.

ಗುರುತುಗಳು ಕಷ್ಟವೇನಲ್ಲ. ಸಾಮಾನ್ಯವಾದ ನಾಲ್ಕು ಬೀಟ್‌ಗಳ ಹಾಡಿನಲ್ಲಿ ಅಂಕಿಯ ಕೆಳಗೆ ಬರೀ ಕಡ್ಡಿ ಇದ್ದರೆ ಒಂದು ಬೀಟ್. ಕಡ್ಡಿಗಳ ತುದಿಯನ್ನು ಒಂದು ಅಡ್ಡಗೆರೆ ಸೇರಿಸಿದ್ದರೆ ಒಂದೊಂದಕ್ಕೂ ಅರ್ಧ ಬೀಟ್, ಎರಡು ಅಡ್ಡಗೆರೆ ಇದ್ದರೆ ಕಾಲು ಬೀಟ್. ಪಕ್ಕದಲ್ಲಿ ಚುಕ್ಕಿ ಇದ್ದರೆ ಒಂದೂವರೆ ಪಟ್ಟು. ನಿಮಿಷಕ್ಕೆ 120 ಬೀಟ್ ಓಡುವ ಹಾಡಿನಲ್ಲಿ ಒಂದು ಬೀಟ್ ಎಂದರೆ ಅರ್ಧ ಸೆಕೆಂಡ್.

ಕರ್ನಾಟಕ ಸಂಗೀತದ ಪಾಠ ಹೇಳಿಸಿಕೊಂಡವರಿಗೆ ಇದು ಹೊಸದೂ ಅಲ್ಲ. ಅಲ್ಲಿ ‘ಸ’ ಎಂದರೆ ಒಂದು ಅಕ್ಷರಕಾಲ, ‘ಸಾ’ ಎಂದರೆ ಎರಡು. ಸ್ವರಗಳ ಮೇಲೆ ಗೆರೆ ಎಳೆದರೆ ವೇಗ ಇಮ್ಮಡಿ. ಗಿಟಾರ್ ಟ್ಯಾಬನ್ನೂ ಹಾಗೆಯೇ ಬಾಯಲ್ಲಿ ಹೇಳಿಕೊಳ್ಳಬಹುದು. ಬೀಟ್‌ಗೆ ಒಂದು ಸ್ವರವಾದರೆ ‘ತ’, ಎರಡಾದರೆ ‘ತಕ’, ನಾಲ್ಕಾದರೆ ‘ತಕಧಿಮಿ’. ಕಾಲಲ್ಲಿ ತಾಳ ಹಾಕುತ್ತಾ ಬಾಯಿಗೆ ಬಂದ ಮೇಲೆ ತಂತಿ ಮುಟ್ಟಿದರೆ ಅರ್ಧ ಕೆಲಸ ಮುಗಿದಂತೆ.

ಇಷ್ಟೆಲ್ಲ ಯಾಕೆ ಎಂದರೆ, ಕಾಲೇಜು ಬ್ಯಾಂಡ್‌ಗಳು ಈಗ ಸ್ವಂತ ಹಾಡನ್ನೂ ಕಟ್ಟುತ್ತಿವೆ. ಹಾಸ್ಟೆಲ್ ಕೋಣೆಯಲ್ಲಿ ಹುಟ್ಟಿದ ಟ್ಯೂನ್ ಬೇರೆ ಯಾರೂ ಕೇಳಿರುವುದಿಲ್ಲ. ಕಟ್ಟಿದವರು ಫೈನಲ್ ಇಯರ್ ಮುಗಿಸಿ ಕೆಲಸ ಹುಡುಕಿಕೊಂಡು ಹೋದರೆ ಹಾಡೂ ಅವರ ಜೊತೆಗೇ ಹೋಗುತ್ತದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿದರೆ ಸಾಲದೇ ಎನ್ನಬಹುದು. ಎರಡು ಗಿಟಾರ್ ಒಟ್ಟಿಗೆ ನುಡಿದಾಗ ಯಾವುದು ಯಾರ ಭಾಗ ಎಂದು ಬಿಡಿಸಿಕೊಳ್ಳುವುದು ಜೂನಿಯರ್‌ಗಳಿಗೆ ಸುಲಭವಲ್ಲ. ತಾಳ ಸಮೇತ ಬರೆದಿಟ್ಟ ಒಂದು ಹಾಳೆ ಇದ್ದರೆ ಸಾಕು.

ಹಾಗಾಗಿ ಇನ್ನು ಟ್ಯಾಬ್ ಬರೆಯುವಾಗ, ಬೇರೇನೂ ಆಗದಿದ್ದರೆ, ಅಂಕಿಗಳ ಕೆಳಗೆ ಒಂದು, ಎರಡು, ಮೂರು, ನಾಲ್ಕು ಎಂದು ಬೀಟ್‌ನ ಎಣಿಕೆಯನ್ನಾದರೂ ಬರೆಯೋಣ.