ಆಟಗಾರ್ತಿಯ ಮಾಗಿ ಉಳುಮೆ

ಕಳೆದ ಜನವರಿಯಲ್ಲಿ ಈ ನಗರದ ಕನ್ನಡ ಕುಟುಂಬವೊಂದರ ಮಗಳು, ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿನಿ, ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಚೆಂಡಿಗಾಗಿ ನೆಗೆದು ನೆಲಕ್ಕಿಳಿಯುವಾಗ ಮಂಡಿ ಒಳಕ್ಕೆ ಹೊರಳಿ ಕುಸಿದಳು. ಎ.ಸಿ.ಎಲ್. ಎಂದು ವೈದ್ಯರು ಕರೆಯುವ, ಮಂಡಿಯೊಳಗಿನ ಲಿಗಮೆಂಟು ಹರಿದಿತ್ತು. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನೋಡಲು ಹೋದಾಗ ಆಕೆಯ ತಾಯಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: “ಯಾರೂ ತಳ್ಳಲಿಲ್ಲವಂತೆ ರಾಯರೇ, ಮತ್ತೆ ಕಾಲು ಹೀಗೇಕಾಯಿತು?”

ನಾನು ವೈದ್ಯನಲ್ಲ. ಯೌವನದಲ್ಲಿ ಬೆಂಗಳೂರಿನ ಸಿಮೆಂಟು ಅಂಗಣಗಳಲ್ಲಿ ಆಡಿ, ಮಂಡಿ ಸವೆಸಿಕೊಂಡು, ಉದ್ಯೋಗನಿಮಿತ್ತ ಈ ಊರು ಸೇರಿದವನು. ಆದರೂ ಆ ತಾಯಿಗೆ ಕೊಡಬೇಕಾದ ಉತ್ತರ ನನಗೆ ಗೊತ್ತಿತ್ತು. ಹುಡುಗಿ ಬಿದ್ದುದು ಜನವರಿಯಲ್ಲಲ್ಲ, ಅದರ ಹಿಂದಿನ ಬೇಸಗೆಯಲ್ಲಿ. ಪಂದ್ಯಗಳಿಲ್ಲದೆ ಇರಬೇಕಾಗಿದ್ದ ಆ ತಿಂಗಳುಗಳಲ್ಲಿ ಆಕೆಯ ಕಾಲಿಗೆ ಯಾರೂ ಏನನ್ನೂ ಕಲಿಸಲಿಲ್ಲ. ಬದಲಾಗಿ ಇನ್ನೂ ಎರಡು ತಂಡಗಳಿಗೆ ಆಡಿಸಿದರು.

ವಿಚಿತ್ರವೆಂದರೆ ಈ ಆಟ ಹುಟ್ಟಿದ್ದೇ ಬಿಡುವಿನ ಕಾಲದ ವ್ಯಾಯಾಮವಾಗಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಫುಟ್‌ಬಾಲ್ ಋತು ಮುಗಿದು ಬೇಸ್‌ಬಾಲ್ ಋತು ಇನ್ನೂ ಬಾರದ ಚಳಿಗಾಲಕ್ಕೆಂದು, ಜೇಮ್ಸ್ ನೇಸ್ಮಿತ್ ಎಂಬ ಅಧ್ಯಾಪಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ತೂಗಿಸಿ ಹದಿಮೂರು ನಿಯಮಗಳನ್ನು ಬರೆದರು. ಅದೇ ಸಂಸ್ಥೆಯ ಶಾಖೆಗಳ ಮೂಲಕ ಆಟ ನಮ್ಮ ದೇಶಕ್ಕೂ ಬಂದಿತು. ಕಲ್ಕತ್ತೆಯಲ್ಲಿ ಆ ಸಂಸ್ಥೆ 1857ರಿಂದಲೇ ಇತ್ತು. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಅದರ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಬಿಡುವಿಗಾಗಿ ಹುಟ್ಟಿದ ಆಟದಲ್ಲಿ ಇಂದು ಆಟಗಾರ್ತಿಗೇ ಬಿಡುವಿಲ್ಲ!

ಸಾಧಾರಣ ಆಟಗಾರ್ತಿಗೆ ಬಿಡುವು ತಾನಾಗಿಯೇ ಸಿಗುತ್ತದೆ. ಆಕೆಯನ್ನು ಯಾರೂ ಕರೆಯುವುದಿಲ್ಲ. ಪ್ರತಿಭಾವಂತೆಯ ಪಾಡು ಬೇರೆ. ಕಾಲೇಜು, ವಿಶ್ವವಿದ್ಯಾನಿಲಯ, ಕ್ಲಬ್ಬು, ರಾಜ್ಯ, ಎಲ್ಲರಿಗೂ ಆಕೆಯೇ ಬೇಕು, ಯಾರಿಗೂ ಆಕೆಯ ಒಟ್ಟು ಲೆಕ್ಕ ಗೊತ್ತಿಲ್ಲ. ತಂದೆತಾಯಿಗಳೂ ಬೇಡವೆನ್ನುವುದಿಲ್ಲ. ಒಂದೊಂದು ಪ್ರಮಾಣಪತ್ರವೂ ಕ್ರೀಡಾ ಕೋಟಾದ ನೌಕರಿಯತ್ತ ಒಂದು ಮೆಟ್ಟಿಲೆಂದು ಅವರ ಭಾವನೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೂರು ರೈಲ್ವೆ ವಲಯಗಳ ಪ್ರಧಾನ ಕಛೇರಿಗಳಿರುವ ಊರಿದು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಭಾರತೀಯ ರೈಲ್ವೆಯ ಮಹಿಳಾ ತಂಡ ದಶಕಗಳಿಂದ ಸಾಧಿಸಿರುವ ಮೇಲುಗೈಯೂ ಪ್ರಸಿದ್ಧವಾದುದೇ. ಮಧ್ಯಮ ವರ್ಗದ ಹುಡುಗಿಯೊಬ್ಬಳಿಗೆ ಅಂಥ ನೌಕರಿ ಜೀವನದ ಆಧಾರ. ಆದರೆ ಪ್ರಮಾಣಪತ್ರಗಳ ಕಡತವನ್ನು ಹಿಡಿದು ಕುಂಟುತ್ತ ಹೋದವಳನ್ನು ಆಯ್ಕೆಯ ಅಂಗಣದಲ್ಲಿ ಯಾರು ತೆಗೆದುಕೊಂಡಾರು?

ನಮ್ಮ ಬಯಲುಸೀಮೆಯ ರೈತನಿಗೆ ಮಾಗಿ ಉಳುಮೆಯ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಪೈರು ಮನೆಗೆ ಬಂದ ಮೇಲೆ, ಹೊಲದಲ್ಲಿ ಏನೂ ಇಲ್ಲದಿರುವಾಗ ಉತ್ತು ಬಿಡುತ್ತಾನೆ. ಕಳೆಯ ಬೇರು ಬಿಸಿಲಿಗೆ ಬೀಳುತ್ತದೆ, ಮುಂದೆ ಬಂದ ಮಳೆ ಮಣ್ಣೊಳಗೆ ಇಂಗುತ್ತದೆ. ಪೈರು ನಿಂತಿರುವಾಗ ನೇಗಿಲು ಹೂಡುವವರುಂಟೆ? ಪಂದ್ಯಗಳ ನಡುವೆ ಮೈ ಕಟ್ಟಲು ಹೊರಡುವುದೂ ಹಾಗೆಯೇ.

ಈ ಉಳುಮೆಯ ಒಂದು ನಿದರ್ಶನ ನನಗೆ ಬಹಳ ಪ್ರಿಯವಾದುದು. ನೈಜೀರಿಯದ ಲಾಗೋಸ್ ನಗರದ ಹಕೀಮ್ ಒಲಾಜುವಾನ್ ಹುಡುಗನಾಗಿದ್ದಾಗ ಫುಟ್‌ಬಾಲ್ ಗೋಲ್‌ಕೀಪರ್. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ತಡವಾಗಿ. (ಫುಟ್‌ಬಾಲ್ ಬಿಟ್ಟರೆ ಬೇರೆ ಆಟವೇ ಇಲ್ಲವೆನ್ನುವ ನಮ್ಮ ಬಂಗಾಳಿ ಮಿತ್ರರಿಗೆ ಇದನ್ನು ಅವಶ್ಯವಾಗಿ ಹೇಳಬೇಕು.) ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1982ರ ಬೇಸಗೆಯಲ್ಲಿ ಆತ ಅದೇ ಊರಿನ ಸಾರ್ವಜನಿಕ ಅಂಗಣವೊಂದಕ್ಕೆ ಹೋಗಿ ಮೋಸೆಸ್ ಮಲೋನ್ ಎಂಬ ವೃತ್ತಿಪರ ದಿಗ್ಗಜನ ಎದುರು ಆಡಿ ಪಳಗಿದ. ಅಲ್ಲಿ ಸೋತರೆ ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಮರುವರ್ಷ ಆತನ ತಂಡ ಕಾಲೇಜು ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯದಲ್ಲಿ ಸೋತರೂ ಶ್ರೇಷ್ಠ ಆಟಗಾರನ ಗೌರವ ಆತನಿಗೇ ಸಂದಿತು. 1984ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊದಲ ಹೆಸರು ಆತನದು. ಮೈಕೇಲ್ ಜೋರ್ಡನ್ ಅವರದು ಮೂರನೆಯದು. ಪಂದ್ಯದಲ್ಲಿ ಬಲಗೈ ಆಟಗಾರ್ತಿ ಎಡಗೈಯಿಂದ ಚೆಂಡು ಎಸೆಯಲು ಧೈರ್ಯ ಮಾಡುವುದಿಲ್ಲ. ತಪ್ಪಿದರೆ ಬೆಂಚಿಗೆ ಹೋಗಬೇಕು. ತಪ್ಪಲು ಪರವಾನಗಿ ಇರುವುದು ಬಿಡುವಿನಲ್ಲಿ ಮಾತ್ರ. ಆದ್ದರಿಂದ ಒಂದು ಬೇಸಗೆಗೆ ಒಂದೇ ಕುಂದನ್ನು ಹಿಡಿದು ತಿದ್ದಿದರೆ ಸಾಕು, ಎಡಗೈಯೋ, ದೂರದ ಎಸೆತವೋ. ಇಪ್ಪತ್ತು ದಿನಗಳಲ್ಲಿ ಎಲ್ಲವನ್ನೂ ಕಲಿಸುವೆವೆನ್ನುವ ಬೇಸಗೆ ಶಿಬಿರಗಳಲ್ಲಿ ನನಗೆ ವಿಶ್ವಾಸವಿಲ್ಲ.

ಎಲ್ಲಕ್ಕೂ ಮೊದಲು ಎರಡು ಮೂರು ವಾರ ಚೆಂಡನ್ನೇ ಮುಟ್ಟಬಾರದು. ಈಜಲಿ, ನಡೆಯಲಿ, ಊರಿಗೆ ಹೋಗಿ ಅಜ್ಜಿಯ ಮನೆಯಲ್ಲಿ ನಿದ್ದೆ ಮಾಡಲಿ. ಅನಂತರ ಎಂಟು ಹತ್ತು ವಾರ ಕಾಲಿನ ಕೆಲಸ: ವಾರಕ್ಕೆ ಎರಡು ಮೂರು ದಿನ ಭಾರ ಹೊತ್ತು ಬಸ್ಕಿ, ತೊಡೆಯ ಹಿಂಭಾಗದ ಸ್ನಾಯುಗಳಿಗೆ ಸಾಧನೆ, ಒಂಟಿಕಾಲಿನ ಸಮತೋಲ. ಇವೆಲ್ಲಕ್ಕಿಂತ ಮುಖ್ಯವಾದುದು ನೆಗೆದು ಇಳಿಯುವ ವಿದ್ಯೆ. ಮಂಡಿಗಳು ಬಾಗಿ, ಪಾದಗಳ ನೇರಕ್ಕೇ ನಿಂತು, ಸದ್ದಾಗದಂತೆ ಇಳಿಯಬೇಕು. ಬೆಕ್ಕು ಅಟ್ಟದಿಂದ ಇಳಿಯುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಈ ಲಿಗಮೆಂಟಿನ ಗಾಯಗಳಲ್ಲಿ ಹೆಚ್ಚಿನವು ಯಾರೂ ತಾಗದೆಯೇ ಆಗುವಂಥವು. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಗಳ ಇಂಥ ಶಿಕ್ಷಣವನ್ನು ತಪ್ಪದೆ ನಡೆಸಿದಲ್ಲಿ ಹುಡುಗಿಯರಲ್ಲಿ ಗಾಯಗಳು ಸರಿಸುಮಾರು ಅರ್ಧಕ್ಕಿಳಿಯುತ್ತವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ತಾಯಿಯ ಪ್ರಶ್ನೆಗೆ ಉತ್ತರ ಇದೇ.

ಭಾರ ಎತ್ತಿದರೆ ಹುಡುಗಿ ಗಂಡುಬೀರಿಯಂತಾಗುವಳು, ನಾಳೆ ವರ ಸಿಕ್ಕುವುದು ಕಷ್ಟ ಎಂಬ ಮಾತನ್ನು ನಮ್ಮ ಸಂಘದ ಸಭೆಗಳಲ್ಲಿಯೇ ಕೇಳಿದ್ದೇನೆ. ಸ್ತ್ರೀಯರ ದೇಹದಲ್ಲಿ ಸ್ನಾಯುಗಳು ಗರಡಿಯ ಪೈಲ್ವಾನರಂತೆ ಸುಲಭವಾಗಿ ಉಬ್ಬುವುದಿಲ್ಲ. ಎಲುಬು ಗಟ್ಟಿಯಾಗುತ್ತದೆ, ನಡಿಗೆ ನೇರವಾಗುತ್ತದೆ. ಅದರಿಂದ ತಪ್ಪಿಹೋಗುವ ವರನಿದ್ದರೆ ತಪ್ಪಿಹೋಗುವುದೇ ಲೇಸು.

ಇನ್ನು ಊಟದ ಮಾತು. ಇಲ್ಲಿ ಮನೆಯವರ ಹೊಣೆ ತರಬೇತುದಾರರ ಹೊಣೆಗಿಂತ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ರಕ್ತಹೀನತೆಯುಳ್ಳವರು ದೇಶದಲ್ಲಿ ನೂರಕ್ಕೆ 57. ಕರ್ನಾಟಕದಲ್ಲಿ ಸುಮಾರು 48, ಪಶ್ಚಿಮ ಬಂಗಾಳದಲ್ಲಿ 71. ಮೂರನೆಯ ಅವಧಿಗೇ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿಯೆಂದು ಗದರುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಹೀಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಚಿಕಿತ್ಸೆ ನಡೆಯಲಿ; ಅಂಗಡಿಯ ಮಾತ್ರೆಗಳನ್ನು ತಾವೇ ನುಂಗುವುದು ಬೇಡ. ಊಟವಾದೊಡನೆ ಚಹಾ ಕುಡಿಯುವ ಈ ಊರಿನ ಅಭ್ಯಾಸ ನಮಗೂ ಅಂಟಿದೆ. ಚಹಾ ಕಬ್ಬಿಣದಂಶವನ್ನು ದೇಹ ಹೀರದಂತೆ ತಡೆಯುತ್ತದೆ. ಒಂದು ಗಂಟೆ ತಡೆದು ಕುಡಿಯಲಿ, ಊಟದಲ್ಲಿ ನಿಂಬೆಹಣ್ಣಿರಲಿ. ಮೀನು ಮುಟ್ಟದ ನಮ್ಮ ಮನೆಗಳಲ್ಲಿ ಸಾರನ್ನದಿಂದ ಸ್ನಾಯು ಬೆಳೆಯದು. ಮೊಳಕೆಕಾಳು, ಮೊಸರು, ಊರಿನಿಂದ ತರಿಸಿದ ರಾಗಿಹಿಟ್ಟು ಇವುಗಳ ಜೊತೆಗೆ ಇಲ್ಲಿಯ ಛಾನಾ, ಬೀದಿಯಲ್ಲಿ ಮಾರುವ ಛಾತು, ಎಂದರೆ ಹುರಿದ ಕಡಲೆಯ ಹಿಟ್ಟು, ಅಗ್ಗದ ಬೆಲೆಗೆ ಸಿಗುವ ಉತ್ತಮ ಪ್ರೋಟೀನು. ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು: ಆಟಗಾರ್ತಿಯ ಮುಟ್ಟು ತಿಂಗಳುಗಟ್ಟಲೆ ನಿಂತುಹೋದರೆ ಅದು ಅನುಕೂಲವಲ್ಲ, ತಿನ್ನುವುದಕ್ಕಿಂತ ದುಡಿಯುವುದು ಹೆಚ್ಚಾಗಿರಬಹುದೆಂಬ ಎಚ್ಚರಿಕೆ. ತಾಯಿ ಅದನ್ನು ಕೇಳಿ ತಿಳಿಯಬೇಕು.

ಕೋಲ್ಕತ್ತಾದ ವೈಶಾಖ ಜ್ಯೇಷ್ಠಗಳ ಸೆಕೆ ಎಲ್ಲರಿಗೂ ಗೊತ್ತು. ಬೆವರು ಆರದು, ಮೈ ತಣಿಯದು. ಆದರೆ ಇಲ್ಲಿ ಮೇ ಕೊನೆಗೆ ಬೆಳಗಿನ ಐದಕ್ಕೆಲ್ಲ ಸೂರ್ಯ ಹುಟ್ಟಿರುತ್ತಾನೆ, ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಐದರಿಂದ ಆರೂವರೆ ಅಭ್ಯಾಸಕ್ಕೆ ಸಾಕು. ರಾತ್ರಿ ಒಂಬತ್ತೂವರೆಗೆ ಮಲಗುವ ಮನೆ ಇರಬೇಕು, ಅಷ್ಟೆ.

ಆ ಹುಡುಗಿ ಈಗ ನಿಧಾನವಾಗಿ ಓಡುತ್ತಿದ್ದಾಳೆ. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳು ತುಂಬುವ ಮುನ್ನ ಪಂದ್ಯಕ್ಕಿಳಿದರೆ ಮತ್ತೆ ಹರಿಯುವ ಅಪಾಯ ಬಹಳ ಹೆಚ್ಚು. ಆಕೆಗೆ ಒಂಬತ್ತು ತುಂಬುವುದು ನವೆಂಬರಿನಲ್ಲಿ. ತಂಡದವರು ಕೇಳುತ್ತಿರುವುದು ದುರ್ಗಾಪೂಜೆಗೆ ಮುಂಚಿನ ಪಂದ್ಯಾವಳಿಗೆ, ಹತ್ತು ನಿಮಿಷ ಆಡಿದರೂ ಸಾಕಂತೆ. ಬೇಡವೆಂದು ನಾನು ಹೇಳಿ ಬಂದಿದ್ದೇನೆ. ತಾಯಿ ಒಪ್ಪಿದ್ದಾರೆ, ತಂದೆ ಇನ್ನೂ ಉತ್ತರ ಕೊಟ್ಟಿಲ್ಲ.