ಬಸುರಿಯ ಎದೆಬಡಿತ

1933ರ ತರುವಾಯ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಿತು. ಊರೂರೇ ನೋಡಲು ನೆರೆಯಿತು. ಹೆಚ್ಚಿದ ನೀರಿಗೆ ಜಲಾಶಯದಲ್ಲಿ ಕೋಡಿಯುಂಟು; ಹೃದಯಕ್ಕಿಲ್ಲ. ಬಂದ ರಕ್ತವನ್ನೆಲ್ಲ ಅದು ಒತ್ತಿ ಕಳುಹಿಸಲೇಬೇಕು.

ಬಸಿರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ರಕ್ತನಾಳಗಳು ಸಡಿಲಗೊಳ್ಳುತ್ತವೆ; ರಕ್ತದ ಪ್ರಮಾಣವು ಶೇಕಡ 40ರಿಂದ 50ರಷ್ಟು ಏರುತ್ತದೆ; ಹೃದಯವು ನಿಮಿಷಕ್ಕೆ 10ರಿಂದ 20 ಬಾರಿ ಹೆಚ್ಚಾಗಿ ಮಿಡಿಯುತ್ತದೆ. ಆದುದರಿಂದ ಎದೆ ಡವಗುಟ್ಟುವುದು ಬಹುಮಟ್ಟಿಗೆ ಸಹಜವೇ.

ಆದರೆ "ಬಸುರಿಗೆ ಇದೆಲ್ಲ ಇದ್ದದ್ದೇ" ಎಂದು ಮನೆಯವರು ಆಕೆಯ ಬಾಯಿ ಮುಚ್ಚಿಸುವುದನ್ನು ನಾವು ಒಪ್ಪಲಾರೆವು. ಭೌತವಿಜ್ಞಾನ ಬೋಧಿಸುವ ನಮಗೆ ವೈದ್ಯರ ಅಧಿಕಾರವಿಲ್ಲ, ನಿಜ. ಅಳೆಯದೆ ತೀರ್ಮಾನಿಸುವುದು ತಪ್ಪೆಂಬುದನ್ನಾದರೂ ಬಲ್ಲೆವು. ಅದೇ ಬಡಿತದ ಹಿಂದೆ ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ ಅಥವಾ ಹೃದಯದ ಕವಾಟದ ದೋಷ ಅಡಗಿರಬಹುದು. ರಕ್ತಪರೀಕ್ಷೆ, ಇ.ಸಿ.ಜಿ.ಗಳಿಂದ ಗರ್ಭಕ್ಕೆ ಹಾನಿಯಿಲ್ಲ. ಎದೆನೋವು, ಮೂರ್ಛೆ, ಮಲಗಿದಾಗಲೂ ಉಸಿರುಕಟ್ಟುವಿಕೆ ಜೊತೆಗೂಡಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.