ಇಪ್ಪತ್ತಕ್ಕೆ ತಟ್ಟಡವು

1/6

ಮೊದಲ ದಿನ ಕ್ಲಾಸಿಗೆ ಹೋದಾಗ ಬಾಗಿಲ ಹತ್ತಿರ ಒಬ್ಬ ತಾಯಿ ನಿಂತಿದ್ದರು. ನನ್ನ ನೋಡಿ ಕೇಳಿದರು, "ತಂಗೀನ ಬಿಡಾಕ ಬಂದಿಯೇನವಾ?"

"ಇಲ್ಲರೀ, ನಾನ ಕಲಿಯಾಕ ಬಂದೀನಿ."

ಅವರು ನಕ್ಕರು. ಕೆಟ್ಟ ನಗು ಅಲ್ಲ, ಪಾಪ, ಏನು ಹೇಳಬೇಕೋ ತಿಳಿಯದೆ ಬಂದ ನಗು. ಆದರೂ ಚಪ್ಪಲಿ ಬಿಡುವಾಗ ವಾಪಸ್ ಹೋಗಿಬಿಡ್ಲಾ ಅನಿಸಿದ್ದು ಖರೆ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಬೈಲಹೊಂಗಲದ ಹತ್ತಿರದ ಒಂದು ಹಳ್ಳಿಯವಳು. ಬಿಕಾಂ ಐದನೇ ಸೆಮ್. ವಯಸ್ಸು ಇಪ್ಪತ್ತು. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ, ಕಾಲೇಜು ಮುಗಿಸಿ ಭರತನಾಟ್ಯದ ಕ್ಲಾಸಿಗೆ ಹೋಗ್ತಿದ್ದೀನಿ. ಗೆಜ್ಜೆ ಇನ್ನೂ ಕಟ್ಟಿಲ್ಲ. ಅದಕ್ಕೇ ಫೋಟೊದಲ್ಲಿ ಬರೇ ಕಾಲು, ಒಡೆದ ಹಿಮ್ಮಡಿ ಸಮೇತ.

ಹೋದ ವಾರ ಈ ಕಾಲಿನ ಫೋಟೊ ಸ್ಟೋರಿಗೆ ಹಾಕಿದಾಗ ಇನ್‌ಬಾಕ್ಸ್ ತುಂಬ ಎರಡೇ ಪ್ರಶ್ನೆ. "ಈಗ ಯಾಕ?" ಮತ್ತು "ಇದರಿಂದ ಏನ್ ಉಪಯೋಗ?" ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲಾ ಒಂದೇ ಕಡೆ ಬರೀತೀನಿ. ಉದ್ದ ಆಗ್ತದ. ಪುರುಸೊತ್ತು ಇದ್ದಾಗ ಓದ್ರಿ.

2/6

ಕ್ಲಾಸಿನಲ್ಲಿ ನಿಜವಾಗಿ ಏನಾಗ್ತದ ಅಂತ ಮೊದಲು ಹೇಳ್ತೀನಿ, ಯಾಕಂದ್ರ ನನಗೆ ಯಾರೂ ಹೇಳಿರಲಿಲ್ಲ.

ಪಾತ್ರೆ ಅಂಗಡಿಯ ಮೇಲೊಂದು ಹಾಲ್. ಹದಿನೆಂಟು ಮಕ್ಕಳು, ಆರರಿಂದ ಹನ್ನೊಂದು ವರ್ಷದವರು. ಹಿಂದಿನ ಸಾಲಿನ ಮೂಲೆಯಲ್ಲಿ ನಾನು, ಲೈಟಿನ ಕಂಬದ ಹಂಗ. ನಮಸ್ಕಾರ ಮಾಡಿ ಶುರು. ಆಮೇಲೆ ಅರಮಂಡಿ. ಮೊಣಕಾಲು ಎರಡೂ ಪಕ್ಕಕ್ಕೆ ಬಾಗಿಸಿ, ಬೆನ್ನು ನೆಟ್ಟಗೆ ಇಟ್ಟುಕೊಂಡು, ಅರ್ಧ ಕೂತ ಹಾಗೆ ನಿಲ್ಲೋದು. ನೋಡೋಕೆ ಏನೂ ಇಲ್ಲ ಅನಿಸ್ತದ. ಎರಡು ನಿಮಿಷ ಮನೆಯಲ್ಲಿ ನಿಂತು ನೋಡ್ರಿ, ಆಮೇಲೆ ಮಾತಾಡೋಣ. ಮೊದಲ ವಾರ ಕಾಲೇಜಿನ ಮೆಟ್ಟಿಲು ಇಳಿಯುವಾಗ ನಾನು ಕಂಬಿ ಹಿಡಿದುಕೊಂಡೇ ಇಳಿದದ್ದು.

ಆ ಭಂಗಿಯಲ್ಲೇ ಪಾದ ಎತ್ತಿ ನೆಲಕ್ಕೆ ತಟ್ಟೋದು ತಟ್ಟಡವು. ಟೀಚರ್ ಕೋಲಿನಿಂದ ತಾಳ ಬಡೀತಾರ. ಮೂರು ಕಾಲದಲ್ಲಿ ಮಾಡಬೇಕು: ಮೊದಲು ನಿಧಾನ, ಆಮೇಲೆ ಅದರ ದುಪ್ಪಟ್ಟು, ಆಮೇಲೆ ಅದರದೂ ದುಪ್ಪಟ್ಟು. ಮೊದಲನೇ ಕಾಲದಲ್ಲಿ ನಾನು ಮನುಷ್ಯಳ ಹಾಗೆ ಕಾಣ್ತೀನಿ. ಎರಡನೇದರಲ್ಲಿ ಎಡ ಬಲ ಕಲಸಿ ಹೋಗ್ತಾವ. ಮೂರನೇದರಲ್ಲಿ ಸುಮ್ಮನೆ ನಿಂತು ಮಕ್ಕಳನ್ನ ನೋಡ್ತೀನಿ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗಬಹುದು. ತಟ್ಟಡವಿನಲ್ಲಿ ಆ ಸೌಲಭ್ಯ ಇಲ್ಲ.

ಮಕ್ಕಳು ನೋಡಿದ್ದನ್ನ ನೋಡಿದ ಹಂಗ ಮಾಡಿಬಿಡ್ತಾವ. ನನಗೆ ಮೊದಲು ಲೆಕ್ಕ, ಆಮೇಲೆ ಕಾಲು. ದೊಡ್ಡವರಾದ ಮೇಲೆ ಕಲಿಯೋದರಲ್ಲಿ ಇರುವ ನಿಜವಾದ ಕಷ್ಟ ಇದು, ಸೊಂಟ ಮೊಣಕಾಲು ಆಮೇಲಿನ ಮಾತು. ತಪ್ಪು ಮಾಡೋದಕ್ಕೆ ನಮಗೆ ನಾಚಿಕೆ. ನನ್ನ ಮುಂದೆ ನಿಲ್ಲುವ ಏಳು ವರ್ಷದ ಹುಡುಗಿ ಪ್ರತಿ ಸಲ ಹಿಂದಕ್ಕೆ ತಿರುಗಿ ಹೇಳ್ತಾಳ, "ಅಕ್ಕಾ, ಬಲಗಾಲು ಮೊದಲ." ಅವಳಿಗೆ ನನ್ನ ವಯಸ್ಸಿಂದ ಏನೂ ತೊಂದರೆ ಇಲ್ಲ. ನನ್ನ ಎಡಗಾಲಿಂದ ತೊಂದರೆ.

3/6

ವಯಸ್ಸಿಂದ ತೊಂದರೆ ಆಗಿದ್ದು ನಮ್ಮ ಸೋದರಮಾವನಿಗೆ. ಅವ್ವನಿಗೆ ಫೋನ್ ಮಾಡಿ ಹೇಳಿದ, "ಅಕ್ಕಾ, ಕುಣಿಯೂ ವಯಸ್ಸೇನ ಆಕಿದು ಈಗ?" ಇದೇ ಮಾವ ಎರಡು ತಿಂಗಳ ಹಿಂದೆ ಒಂದು ಗಂಡಿನ ಫೋಟೊ ಹಿಡಕೊಂಡು ಬಂದಿದ್ದ. ಮದುವೆಗೆ ಇಪ್ಪತ್ತು ಸರಿಯಾದ ವಯಸ್ಸಂತೆ, ಕಲಿಯಾಕ ಮಾತ್ರ ಮುಗಿದುಹೋದ ವಯಸ್ಸಂತೆ. ಎರಡೂ ಒಂದೇ ಬಾಯಿಂದ.

ಗಣಪತಿ ಕಳಿಸುವಾಗ ಡಿಜೆ ಮುಂದೆ ಮೂವತ್ತು, ನಲವತ್ತು ದಾಟಿದ ಗಂಡಸರು ತಾಸುಗಟ್ಟಲೆ ಕುಣೀತಾರಲ್ಲ, ಅವರನ್ನ ಯಾರಾದರೂ ವಯಸ್ಸು ಕೇಳಿದ್ದು ನೋಡೀರೇನು?

ನಮ್ಮ ಅಜ್ಜನ ಕಥೆ ಕೇಳ್ರಿ. ಅವ ದೊಡ್ಡಾಟದಲ್ಲಿ ಮೊದಲ ಸಲ ಹೆಜ್ಜಿ ಹಾಕಿದ್ದು ಮೂರು ಮಕ್ಕಳಾದ ಮೇಲೆ. ಸುಗ್ಗಿ ಮುಗಿದ ಮೇಲೆ ಬೇರೆ ಊರಿಂದ ಒಬ್ಬ ಮಾಸ್ತರ ಬರ್ತಿದ್ದ. ರಾತ್ರಿ ಊಟ ಆದ ಮೇಲೆ ಗುಡಿ ಮುಂದೆ ತಾಲೀಮು. ಹಗಲೆಲ್ಲ ಹತ್ತಿ ಹೊಲದಲ್ಲಿ ದುಡಿದವರು, ಬಡಿಗೇರರು, ಓದು ಬರಹ ಬಾರದವರು ಎಲ್ಲಾ ಸಾಲಾಗಿ ನಿಂತು ಹೆಜ್ಜಿ ಕಲಿಯೋರು. ಇಡೀ ಮಾತು ಕಿವಿಯಿಂದಲೇ ಬಾಯಿಪಾಠ. ಮೊಹರಮ್ಮಿನ ಹೆಜ್ಜೆ ಮೇಳದವರೂ ಹಿಂಗ ಕಲಿಯೋದು. "ಬಿಗಿನರ್ಸ್ ಬ್ಯಾಚ್" ಅಂತ ಬೋರ್ಡ್ ಇರಲಿಲ್ಲ ಅಷ್ಟೇ. 'ಸಂಗ್ಯಾ ಬಾಳ್ಯಾ' ಸಣ್ಣಾಟದ ಕಥೆ ನಮ್ಮ ಬೈಲಹೊಂಗಲ ಸೀಮೆಯದೇ. ಅಂಥ ಸೀಮೆಯಲ್ಲಿ ದೊಡ್ಡವರು ಕುಣಿತ ಕಲಿಯೋದು ಬೆಂಗಳೂರಿನ ಶೋಕಿ ಅಂದ್ರ ನಗು ಬರ್ತದ.

ಆದರೆ ಅಜ್ಜನ ಆ ಸಾಲಿನಲ್ಲಿ ಹೆಣ್ಣು ಒಂದೂ ಇರಲಿಲ್ಲ. ಹೆಣ್ಣಿನ ಪಾರ್ಟಿಗೂ ಸೀರೆ ಉಟ್ಟ ಗಂಡಸರೇ.

ಆಯಿಯನ್ನ ಕೇಳಿದೆ, ನೀ ಆಗ ಏನ್ ಮಾಡ್ತಿದ್ದಿ ಅಂತ. "ನಿಮ್ಮಜ್ಜ ಮಾತು ಮರೀತಿದ್ದ. ನಾ ಒಳಗ ರೊಟ್ಟಿ ಬಡಕೋತ ಹೇಳಿಕೊಡ್ತಿದ್ದೆ. ಹೆಜ್ಜಿನೂ ಬರ್ತಿದ್ದು ನನಗ."

"ಹಾಕಿದ್ದೇನ ಒಂದ್ ಸಲ ಆದ್ರೂ?"

"ಎಲ್ಲಿ ಹಾಕ್ಲಿ ಬೇ?"

ಅಷ್ಟೇ ಅಂದಳು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

4/6

ನಮ್ಮ ಕಡೆ ಇದರ ಹಿಂದೆ ಇನ್ನೊಂದು ಹೆದರಿಕೆ ಇದೆ. ಅದನ್ನ ಬಿಟ್ಟು ಮಾತಾಡಿದರೆ ಸುಳ್ಳು ಮಾತಾಡಿದ ಹಾಗೆ.

ಸವದತ್ತಿ ಎಲ್ಲಮ್ಮನ ಗುಡ್ಡ ನಮ್ಮೂರಿಂದ ದೂರ ಇಲ್ಲ. ಹುಣ್ಣಿಮೆ ಜಾತ್ರೆಗೆ ನಾವೂ ಹೋಗ್ತೀವಿ, ಪಡ್ಡಲಗಿ ತುಂಬಿಸ್ತೀವಿ. ದೇವರ ಹೆಸರಲ್ಲಿ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ಬಿಟ್ಟ ನಾಡು ಇದು. ಅದನ್ನ ನಿಲ್ಲಿಸೋಕೆ 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಬೇಕಾಯ್ತು. ಹಾಗಾಗಿ ಆಯಿಯ ಕಾಲದವರಿಗೆ "ಹೆಣ್ಣುಮಗಳು ಕುಣೀತಾಳ" ಅಂದ್ರ ಕಣ್ಣ ಮುಂದೆ ಬರೋದು ಬೇರೆಯದೇ ಚಿತ್ರ. ಆ ಹೆದರಿಕೆಯನ್ನ ನಾನು ಹಗುರ ಮಾಡಲ್ಲ.

ಆದರೆ ತಮಾಷೆ ನೋಡ್ರಿ. ನಾನು ಕಲಿಯೋದು ಭರತನಾಟ್ಯ ಅಂತ ಗೊತ್ತಾದ ಕೂಡಲೇ ಮಾವ ಸ್ವಲ್ಪ ಮೆತ್ತಗಾದ. "ಹಾಂ, ಅದು ಶಾಸ್ತ್ರೀಯ, ನಡೀತೈತಿ." ಡ್ಯಾನ್ಸ್ ಅಂದರೆ ಪರವಾಗಿಲ್ಲ, ನೃತ್ಯ ಅಂದರೆ ಇನ್ನೂ ಚಲೋ, ಕುಣಿಯೂದು ಅಂದರೆ ಮೂಗು ಮುರಿಯೋದು. ಆದರೆ ಈ ಶಾಸ್ತ್ರೀಯವೂ ಬಂದದ್ದು ತಮಿಳುನಾಡಿನ ದೇವದಾಸಿಯರ ಕಾಲಿಂದಲೇ. ಆಗ ಅದರ ಹೆಸರು ಸದಿರ್. ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದ್ದು 1904ರಲ್ಲಿ, ಚೆನ್ನೈನ ಅಡ್ಯಾರಿನಲ್ಲಿ ಮೊದಲ ಸಲ ಜನರ ಮುಂದೆ ಭರತನಾಟ್ಯ ಮಾಡಿದ್ದು 1935ರಲ್ಲಿ. ಲೆಕ್ಕ ನೀವೇ ಹಾಕ್ರಿ, ನಾನು ಬಿಕಾಂ ಅಂತ ಎಲ್ಲಾ ನನ್ನ ಮೇಲೆ ಹಾಕಬ್ಯಾಡ್ರಿ. ಅವರಿಗೆ ಕಲಿಸಿದವರಲ್ಲಿ ಒಬ್ಬರು ಮೈಲಾಪುರ ಗೌರಿ ಅಮ್ಮಾಳ್, ದೇವದಾಸಿ ಪರಂಪರೆಯವರು. ಮರ್ಯಾದೆಯ ಸರ್ಟಿಫಿಕೇಟ್ ಸಿಕ್ಕಿದ್ದು ಮಾತ್ರ ಆಮೇಲೆ ಬಂದವರಿಗೆ.

ನಮ್ಮ ಕಡೆಯದೇ ಉದಾಹರಣೆ ಬೇಕಾದರೆ ಮಂಜಮ್ಮ ಜೋಗತಿ. ಮನೆ ಬಿಟ್ಟು, ಎಲ್ಲಮ್ಮನ ಹೆಸರಲ್ಲಿ ಜೋಗತಿಯಾಗಿ, ತಲೆ ಮೇಲೆ ಕೊಡ ಹೊತ್ತು ಕುಣಿಯೋದನ್ನ ಹಿರಿಯ ಜೋಗತಿಯರ ಜೊತೆ ತಿರುಗಿ ಕಲಿತವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೊ ನೀವೂ ನೋಡಿರ್ತೀರಿ. ನಮ್ಮ ಮನೆತನದ ಗ್ರೂಪಿನಲ್ಲಿ ಅದನ್ನ ಹಾಕಿದ್ದು ಇದೇ ಮಾವ, ಮೂರು ಕೈಮುಗಿಯೋ ಇಮೋಜಿ ಜೊತೆ.

5/6

ರೊಕ್ಕದ ಮಾತು. ಫೀ ತಿಂಗಳಿಗೆ 600 ರೂಪಾಯಿ. ಅದನ್ನ ಕೊಡೋದು ಅವ್ವ, ಗೃಹಲಕ್ಷ್ಮಿಯ 2000ದಲ್ಲಿ. ಬಸ್ಸಿಗೆ ಖರ್ಚಿಲ್ಲ, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಫ್ರೀ. ಈ ಎರಡು ಯೋಜನೆ ಬಗ್ಗೆ ಯಾರು ಏನಾದರೂ ಬಯ್ಯಲಿ, ಇವೆರಡೂ ಇಲ್ಲದಿದ್ದರೆ ನನ್ನ ತಟ್ಟಡವು ಇಲ್ಲ. ಅಪ್ಪ ಏನೂ ಹೇಳಲ್ಲ. ಸಂಜೆ ಬಂದಾಗ "ಬಸ್ ಸಿಕ್ತೇನವಾ" ಅಂತ ಕೇಳ್ತಾನ, ಅದೇ ಅವನ ಒಪ್ಪಿಗೆ ಅಂತ ನಾನು ತಿಳಕೊಂಡೀನಿ.

ಒಂದು ದಿನ ಬಸ್ ಸಿಗಲಿಲ್ಲ. ಮುಂದಿನ ಬಸ್ ಹಿಡಿದು ಊರಲ್ಲಿ ಇಳಿದಾಗ ರಾತ್ರಿ ಎಂಟು. ಮರುದಿನ ನಳದ ಹತ್ತಿರ ಓಣಿಯ ಹೆಂಗಸರು ಅವ್ವನನ್ನ ಕೇಳಿದರು, ಮಗಳು ಅಷ್ಟೊತ್ತಿಗೆ ಎಲ್ಲಿಂದ ಬಂದಳು ಅಂತ. ಅವ್ವ ಒಂದು ಕ್ಷಣವೂ ತಡ ಮಾಡದೆ, "ಟ್ಯಾಲಿ ಕ್ಲಾಸ್ ಹಚ್ಚೀವ್ರೀ." ಅವರೆಲ್ಲಾ, "ಚಲೋ ಆತು ಬಿಡ್ರೀ, ಮುಂದ ನೌಕರಿಗೆ ಬರ್ತೈತಿ."

ಅದೇ ಹುಡುಗಿ, ಅದೇ ಬಸ್ಸು, ಅದೇ ಎಂಟು ಗಂಟೆ. ಟ್ಯಾಲಿ ಅಂದ್ರ ಚಲೋ, ತಟ್ಟಡವು ಅಂದ್ರ ಬಾಯಿಗೆ ಸೆರಗು.

"ಇದರಿಂದ ಏನ್ ಉಪಯೋಗ" ಅಂತ ಕೇಳಿದವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ರಂಗಪ್ರವೇಶ ಮಾಡಲ್ಲ, ಜೂನಿಯರ್ ಪರೀಕ್ಷೆಗೂ ಬಹುಶಃ ಕೂರಲ್ಲ. "ಮೂವತ್ತು ದಿನದಲ್ಲಿ ನಾನು ಹೇಗೆ ಬದಲಾದೆ" ಅನ್ನೋ ರೀಲ್ಸ್ ಕೂಡ ಬರಲ್ಲ. ನಾಲ್ಕು ತಿಂಗಳಾದರೂ ಮೂರನೇ ಕಾಲದಲ್ಲಿ ನಾನು ನಿಂತೇ ನೋಡ್ತೀನಿ ಅಂತ ಆಗಲೇ ಹೇಳೀನಲ್ಲ. ಸಾಲಿಯಲ್ಲಿದ್ದಾಗ ಗ್ಯಾದರಿಂಗ್ ಡ್ಯಾನ್ಸಿಗೆ ಬೆಳ್ಳಗಿರೋರನ್ನ ಮುಂದಿನ ಸಾಲಿಗೆ ಆರಿಸಿ, ನನಗೆ ಪರದೆಯ ಹಗ್ಗ ಹಿಡಿಯೋ ಕೆಲಸ ಕೊಟ್ಟಿದ್ದರು. ಮೂರು ವರ್ಷ ಹಗ್ಗ ಹಿಡಿದೀನಿ. ಈಗ ವಾರಕ್ಕೆ ಮೂರು ಸಂಜೆ ಆ ಹಾಲಿನ ನೆಲ ನನ್ನ ಪಾದಕ್ಕೆ ಸಿಗ್ತದ. ಉಪಯೋಗ ಅಂತ ಬರೆಯಲೇಬೇಕಾದರೆ ಇದನ್ನೇ ಬರಕೊಳ್ರಿ.

6/6

ಇನ್‌ಬಾಕ್ಸಿನಲ್ಲಿ ಇನ್ನೊಂದು ಥರದ ಮೆಸೇಜೂ ಇದ್ದವು, ಕಡಿಮೆ, ಆದರೆ ಇದ್ದವು. ಕಿತ್ತೂರಿನ ಒಬ್ಬ ಅಕ್ಕ ಬ್ಯಾಂಕ್ ಕೆಲಸ ಮುಗಿಸಿ ಶನಿವಾರ ಧಾರವಾಡಕ್ಕೆ ಹೋಗಿ ಕಲೀತಾರಂತೆ, ಹೈವೇ ಮೇಲೆ ಊರು ಇದ್ದದ್ದಕ್ಕೆ ಆದೀತು ಅಂದರು. ರಾಮದುರ್ಗದ ಹುಡುಗಿ ಒಬ್ಬಳು ಬಾಗಿಲು ಹಾಕಿಕೊಂಡು, ಸೌಂಡ್ ಕಡಿಮೆ ಇಟ್ಟು, ಫೋನ್ ನೋಡಿ ಕಲೀತಾಳ. ಸವದತ್ತಿಯ ಒಬ್ಬರು ಬರೆದದ್ದು ಒಂದೇ ಸಾಲು: "ನನಗೆ ಮೂವತ್ತನಾಲ್ಕು, ಎರಡು ಮಕ್ಕಳು, ಬೈತಾರ ಅಂತ ಕೇಳಿಲ್ಲ." ಮಗಳನ್ನ ಕ್ಲಾಸಿಗೆ ಬಿಟ್ಟು ಒಂದು ತಾಸು ಹೊರಗೆ ಬೆಂಚಿನ ಮೇಲೆ ಕೂರ್ತಾರಂತೆ, ಕಾಲಲ್ಲಿ ಸುಮ್ಮನೆ ತಾಳ ಹಾಕ್ಕೋತ.

ಈ ನಾಲ್ಕು ಊರಲ್ಲಿ ಡ್ಯಾನ್ಸ್ ಕಲಿಸೋ ಯಾರಾದರೂ ಇದನ್ನ ಓದ್ತಿದ್ದರೆ ಒಂದು ಮಾತು. ಬೋರ್ಡಿನ ಮೇಲೆ "5ರಿಂದ 15 ವರ್ಷ" ಅಂತ ಬರೆಯೋ ಕಡೆ ಇನ್ನೊಂದು ಸಾಲು ಸೇರಿಸ್ರಿ. ಹದಿನೆಂಟು ದಾಟಿದವರಿಗೆ ವಾರಕ್ಕೆ ಎರಡು ತಾಸು ಸಾಕು, ಹೊತ್ತು ಮುಳುಗೋ ಮೊದಲು ಮುಗಿಯಬೇಕು, ಕೊನೇ ಬಸ್ ಕೇಳಿಕೊಂಡು ಟೈಮ್ ಇಡಬೇಕು. ಪರೀಕ್ಷೆ, ಸ್ಟೇಜ್ ಯಾವುದೂ ಬ್ಯಾಡ. ಹೊರಗೆ ಬೆಂಚಿನ ಮೇಲೆ ಕೂತವರನ್ನ ಒಂದು ಸಲ ಒಳಗೆ ಕರೆದು ನೋಡ್ರಿ. ಅಕ್ಟೋಬರ್ ಬಂದರೆ ಕಿತ್ತೂರು ಉತ್ಸವದಲ್ಲಿ ಕುದುರೆ ಮೇಲಿನ ಚೆನ್ನಮ್ಮನಿಗೆ ಜೈ ಅಂತೀವಿ. ಕುದುರೆ ಕೇಳ್ತಿಲ್ಲ ನಾವು, ಒಂದು ಹಾಲ್ ಅಷ್ಟೇ.

ಇದನ್ನ ಹಾಕೋ ಮೊದಲು ಅವ್ವನಿಗೆ ಪೂರ್ತಿ ಓದಿ ಹೇಳಿದೆ, ಯಾಕಂದ್ರ ಹಾಕಿದ ಮೇಲೆ ಟ್ಯಾಲಿ ಕಥೆ ಮುಗೀತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಕು" ಅಂದಳು. ಆಮೇಲೆ, "ನಿಮ್ಮ ಮಾವ ಇನ್‌ಸ್ಟಾದಾಗ ಇಲ್ಲಲಾ?"

ನಮ್ಮ ಟೀಚರ್ ಹತ್ತಿರ ಮಾತಾಡೀನಿ. ದೊಡ್ಡವರು ಐದು ಮಂದಿ ಆದರೆ ಬೇರೆ ಬ್ಯಾಚ್, ಸೋಮವಾರ ಮತ್ತು ಗುರುವಾರ, ನಾಲ್ಕೂವರೆಯಿಂದ ಐದೂವರೆ. ನಾನು, ನನ್ನ ಕ್ಲಾಸ್‌ಮೇಟ್ ಒಬ್ಬಳು, ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡೋ ಅಕ್ಕ ಒಬ್ಬರು, ಮತ್ತು ಮೊದಲ ದಿನ ಬಾಗಿಲಲ್ಲಿ ನಕ್ಕಿದ್ದ ಆ ತಾಯಿ. ನಾಲ್ಕಾದೆವು. ಬೈಲಹೊಂಗಲಕ್ಕೆ ಬರೋಕೆ ಆಗೋರು ಯಾರಾದರೂ ಇದ್ದರೆ ಮೆಸೇಜ್ ಮಾಡ್ರಿ, ಇನ್ನೊಬ್ಬರು ಬೇಕು.